ಅಡಿವ್ಯಾ ಹೊರಗೆ ಬಂದ ದಿನ

ನಮ್ಮ ಮನೆಯಲ್ಲಿ ಆಡಬಾರದ ಮಾತೊಂದಿತ್ತು. ಅದು ಯಾವುದೆಂದು ನನಗೆ ಒಂಬತ್ತು ವರ್ಷ ತುಂಬುವವರೆಗೂ ಗೊತ್ತಿರಲಿಲ್ಲ. ಹಾಗಾಗಿ ಆಡದೆ ಇರುವುದು ಕಷ್ಟವೂ ಆಗಿರಲಿಲ್ಲ. ಮಾಮೂಲಿ ಬೈಗುಳಗಳಿಗೆ ನಮ್ಮಲ್ಲಿ ಯಾವ ನಿಷೇಧವೂ ಇರಲಿಲ್ಲ. ಅವ್ವ ರೊಟ್ಟಿ ಬಡಿಯುವಾಗ ಒಲೆಗೆ ಬೈಯುತ್ತಿದ್ದಳು, ಹಸಿ ಕಟ್ಟಿಗೆಗೆ ಬೈಯುತ್ತಿದ್ದಳು, ಮೂರು ತಿಂಗಳು ಬಿಡದೆ ಸುರಿಯುವ ಗೋವಾದ ಮಳೆಗೆ ಅದರ ತಾಯಿ ತಂದೆ ಸೇರಿಸಿ ಬೈಯುತ್ತಿದ್ದಳು. ಗೋವಾ ರಾಜ್ಯವಾದ ಹೊಸತು ಅದು. ನಾವು ಅಲ್ಲಿನ ಕೆಪೆ ಎಂಬ ಊರಲ್ಲಿ ರೋಜಾ ಬಾಯಿ ಎಂಬ ಕ್ರಿಸ್ತುವ ವಿಧವೆಯ ಹಿತ್ತಲಿನಲ್ಲಿದ್ದೆವು. ಆಕೆಯ ಗಂಡ ತೆಂಗಿನಕಾಯಿ ಕೂಡಿಡಲು ಕಟ್ಟಿಸಿದ್ದ ಒಂದೇ ಕೋಣೆ. ಕೆಂಪು ಚಿರೆಕಲ್ಲಿನ ಗೋಡೆ, ಮೇಲೆ ಹೆಂಚು. ಅವ್ವ ನಡುವೆ ಹಳೆಯ ಇಲಕಲ್ಲ ಸೀರೆಯೊಂದನ್ನು ಇಳಿಬಿಟ್ಟು ಅದನ್ನು ಎರಡು ಕೋಣೆ ಮಾಡಿದ್ದಳು. ಈಚೆ ಒಲೆ, ಆಚೆ ಅಪ್ಪ, ಅವ್ವ, ನಾನು. ಹೊಗೆಗೆ ಮಾತ್ರ ಆ ಸೀರೆ ಗೋಡೆಯೆಂದು ಯಾರೂ ಹೇಳಿರಲಿಲ್ಲ. ಬೆಳಿಗ್ಗೆ ಪಾವು ಬ್ರೆಡ್ಡು ಮಾರುವವನ ಸೈಕಲ್ಲಿನ ಹಾರ್ನ್ ಕೇಳಿದರೆ ನಾನು ಏಳಬೇಕು, ಅವ್ವ ಅಷ್ಟೊತ್ತಿಗೆ ಬಾವಿಯಿಂದ ನಾಲ್ಕು ಕೊಡ ನೀರು ತಂದಿರುತ್ತಿದ್ದಳು. ಹುಬ್ಬಳ್ಳಿ ಬಸ್ಸಿನ ಮೇಲೆ ಎರಡು ತಿಂಗಳಿಗೊಮ್ಮೆ ಬರುವ ಜೋಳದ ಚೀಲ ಮುಗಿಯುತ್ತ ಬಂದಂತೆ ರೊಟ್ಟಿ ತೆಳ್ಳಗಾಗುತ್ತಿದ್ದವು, ಅವ್ವನ ಬೈಗುಳ ದಪ್ಪಗಾಗುತ್ತಿದ್ದವು.

ರೋಜಾ ಬಾಯಿಗೂ ಅವ್ವನಿಗೂ ಕೂಲಿಯಿಲ್ಲದ ದಿನ ಬೆಳಗಿನಿಂದ ಸಂಜೆಯವರೆಗೆ ಮಾತು. ಒಬ್ಬಳದು ಕೊಂಕಣಿ, ಇನ್ನೊಬ್ಬಳದು ಕನ್ನಡ, ಇಬ್ಬರದೂ ಗಂಟಲು ದೊಡ್ಡದು. ರೋಜಾ ಬಾಯಿ ತನ್ನ ಜಿಪುಣ ಮೈದುನನನ್ನು ಯಾವಾಗಲೂ 'ಬೊಸ್ತ್ಯಾಂವ' ಎನ್ನುತ್ತಿದ್ದಳು. ಅದು ಆತನ ಹೆಸರಲ್ಲ. ಆಕೆ ಹುಡುಗಿಯಾಗಿದ್ದಾಗ ನೋಡಿದ್ದ ಯಾವುದೋ ಕೊಂಕಣಿ ನಾಟಕದಲ್ಲಿ ಸತ್ತ ತಾಯಿಯ ಬಾಯಿಂದ ಚಿನ್ನದ ಹಲ್ಲು ಕೀಳುವ ಮಗನೊಬ್ಬ ಬರುತ್ತಿದ್ದನಂತೆ, ಅವನ ಹೆಸರು. ಅವ್ವನಿಗೆ ಆ ನಾಟಕವೂ ಗೊತ್ತಿಲ್ಲ, ಹಲ್ಲೂ ಗೊತ್ತಿಲ್ಲ. ಆದರೆ ಒಂದು ವರ್ಷದೊಳಗೆ ಅವಳ ಬಾಯಲ್ಲೂ ಬೊಸ್ತ್ಯಾಂವ ಕೂತುಬಿಟ್ಟ. ರವಿವಾರದ ಸಂತೆಯಲ್ಲಿ ಒಂದು ಎಸಳು ಕೊತ್ತಂಬರಿ ಹೆಚ್ಚಿಗೆ ಹಾಕದವನು ಬೊಸ್ತ್ಯಾಂವ, ಸಾರಿಗೆ ಎಣ್ಣೆ ಕಡಿಮೆ ಬಿದ್ದರೆ ತನ್ನ ಕೈಯೇ ಬೊಸ್ತ್ಯಾಂವ. ಅವ್ವನಿಂದ ನಮ್ಮ ಕಡೆಯ ಇತರ ಹೆಂಗಸರು ಕಲಿತರು. ಅವರಲ್ಲಿ ಯಾರೂ ಅವನು ಯಾರೆಂದು ಕೇಳಲಿಲ್ಲ.

ಅಪ್ಪ ಈ ಮಾತಿನ ಸಂತೆಯಲ್ಲಿ ಇರುತ್ತಿರಲಿಲ್ಲ. ಅಪ್ಪನ ಹೆಸರು ಫಕೀರಪ್ಪ; ಗೌಂಡಿ ಕೆಲಸ. ಅವನು ಚಿರೆಕಲ್ಲು ಕೆತ್ತಿ ಕೂಡಿಸಿದರೆ ನಡುವೆ ಉಗುರು ತೂರುತ್ತಿರಲಿಲ್ಲ ಎಂದು ಬೇರೆ ಗೌಂಡಿಗಳೇ ಹೇಳುತ್ತಿದ್ದರು. ಅಂಥವನು ಊಟಕ್ಕೆ ಕೂರುವುದು ಬಾಗಿಲ ಹಿಂದೆ, ಗೋಡೆಗೆ ಬೆನ್ನು ಕೊಟ್ಟು, ಹೊರಗಿನವರಿಗೆ ಕಾಣದ ಹಾಗೆ. ಸಂತೆಯಲ್ಲಿ ನಮ್ಮ ಸೀಮೆಯ ಕನ್ನಡ ಕಿವಿಗೆ ಬಿದ್ದರೆ ಸಾಕು, ಅಪ್ಪ ಕೊಂಕಣಿಯಲ್ಲಿ ಮಾತಾಡಲು ಶುರು ಮಾಡುತ್ತಿದ್ದ. ಹರಕು ಮುರುಕು ಕೊಂಕಣಿ, ಅದೂ ನನ್ನ ಜೊತೆ. ನನಗೆ ನಾಚಿಕೆಯಾಗುತ್ತಿತ್ತು. ಕನ್ನಡದವರೆಲ್ಲ ಸೇರುವ ಚಹದ ಅಂಗಡಿಯ ಮುಂದೆ ಬಂದರೆ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದ. ಗುತ್ತಿಗೆದಾರ ಎರಡು ಸಲ ಕರೆದು ಮೇಸ್ತ್ರಿಯಾಗು ಎಂದಿದ್ದ, ಎರಡು ಸಲವೂ ಅಪ್ಪ ಒಲ್ಲೆನೆಂದು ಬಂದ. ಮೇಸ್ತ್ರಿಯಾದರೆ ಊರಿಂದ ಆಳು ಕರೆಸಬೇಕು, ಎತ್ತರದಲ್ಲಿ ನಿಂತು ಹತ್ತು ಜನರಿಗೆ ಕೇಳುವಂತೆ ಕೂಗಬೇಕು. ಆ ಎರಡು ದಿನವೂ ಅವ್ವ ಮಾತಿಲ್ಲದೆ ರೊಟ್ಟಿ ಬಡಿದಳು, ಕೈಯ ಸಪ್ಪಳ ಮಾತ್ರ ದಿನಕ್ಕಿಂತ ಜೋರಾಗಿತ್ತು.

ಆ ವರ್ಷ ಕುಶಾವತಿ ನದಿಯ ಹತ್ತಿರ ದೊಡ್ಡ ಮನೆಯೊಂದರ ಕೆಲಸ ಶುರುವಾಗಿತ್ತು. ಅಪ್ಪ ಗೋಡೆ ಕಟ್ಟಲು, ಅವ್ವ ಬುಟ್ಟಿ ಹೊರಲು ಹೋಗುತ್ತಿದ್ದುದು ಇನ್ನೊಂದು ಕಡೆ. ಶಾಲೆ ಬಿಟ್ಟ ಮೇಲೆ ನಾನು ಮಾತ್ರ ಈ ನದಿಯ ಹತ್ತಿರ ಆಡಲು ಹೋಗುತ್ತಿದ್ದೆ. ಕಲ್ಲಿನ ಲಾರಿ ಓಡಿಸುವ ಹುಸೇನಸಾಬರ ಮಗಳು ಮಾಬೂಬಿ ನನ್ನ ವಾರಿಗೆಯವಳು. ಅವರು ನಮ್ಮ ಸೀಮೆಯಿಂದ ದೂರದ ಇಂಡಿ ಕಡೆಯವರು. ಅವಳು ನಮಗೊಂದು ಆಟ ಕಲಿಸಿದಳು. ಎಲ್ಲರೂ ಅಡಗಿಕೊಳ್ಳಬೇಕು, ಒಬ್ಬಳು 'ಕಳ್ಳರು ಬಂದರು' ಎಂದು ಕೂಗಿ ಸಿಕ್ಕವರನ್ನು ಹಿಡಿಯಬೇಕು, ಉಳಿದವರು ಅವರನ್ನು ಬಿಡಿಸಲು ಹೊರಗೆ ಬರಬೇಕು. ಯಾರು ಕೊನೆಯವರೆಗೂ ಅಡಗಿಯೇ ಇದ್ದು, ಎಲ್ಲ ಮುಗಿದ ಮೇಲೆ ತಲೆ ಹೊರಹಾಕುತ್ತಾರೋ ಅವರು 'ಅಡಿವ್ಯಾ'. ಅವರನ್ನು ನಡುವೆ ನಿಲ್ಲಿಸಿ ಎಲ್ಲರೂ ಸುತ್ತಲೂ ಕುಣಿಯುತ್ತ, ಕಳ್ಳರು ಹೋದರೇ ಎಂದು ಕೇಳುವ ಒಂದೇ ಮಾತು ಕೂಗಬೇಕು: 'ಹ್ವಾದ್ರೇನ? ಹ್ವಾದ್ರೇನ?' ಎರಡು ವಾರದಲ್ಲಿ ನನಗೆ ಆ ಶಬ್ದ ಅಂಗೈಯಲ್ಲಿನ ಗೋಲಿಯಷ್ಟು ಸಲೀಸಾಯಿತು. ಹೆದರುವ ಹುಡುಗ ಅಡಿವ್ಯಾ, ಮಾಸ್ತರು ಬಂದಾಗ ಮೂಲೆ ಸೇರುವ ಹುಡುಗಿ ಅಡಿವ್ಯಾ, ನಾಯಿ ಕಂಡರೆ ಬಾವಿಕಟ್ಟೆ ಏರುವ ರೋಜಾ ಬಾಯಿಯ ಬೆಕ್ಕೂ ಅಡಿವ್ಯಾ.

ಮಳೆಗಾಲದ ಒಂದು ಸಂಜೆ ನಮ್ಮ ಮನೆಗೆ ಕೇರೆಹಾವು ಬಂತು. ಊಟಕ್ಕೆ ಕೂತಿದ್ದೆವು. ಜುಣಕ, ರೊಟ್ಟಿ, ಒಂದು ಉಳ್ಳಾಗಡ್ಡಿ. ಹಾವು ಬಚ್ಚಲ ಕಿಂಡಿಯಿಂದ ಬಂದು, ಬೀಗರ ಮನೆಗೆ ಬಂದಂತೆ ಸಾವಕಾಶವಾಗಿ ನಾವು ಕೂತಲ್ಲಿಗೆ ಹೊರಟಿತ್ತು. ಅಪ್ಪ ಕೈಯಲ್ಲಿನ ತುತ್ತು ಬಿಡದೆ ಒಂದೇ ನೆಗೆತಕ್ಕೆ ಟ್ರಂಕಿನ ಮೇಲಿದ್ದ. ಅವ್ವ ಕಸಬರಿಗೆ ತೆಗೆದುಕೊಂಡು, ಹಾವಿಗೂ ಅದರ ವಂಶಕ್ಕೂ ಬೈಯುತ್ತ, ಬಾಗಿಲವರೆಗೆ ಅಟ್ಟಿಕೊಂಡು ಹೋಗಿ ಹೊರಗೆ ಹಾಕಿದಳು. ನನಗೆ ನಗು ತಡೆಯಲಿಲ್ಲ. ಟ್ರಂಕಿನ ಮೇಲೆ ಕಾಲು ಮಡಚಿ ಕೂತಿದ್ದ ಅಪ್ಪನಿಗೆ ಬೆರಳು ತೋರಿಸಿ ಕುಣಿದೆ.

"ಅಪ್ಪಾ, ನೀ ಖರೇನ ಒಬ್ಬ ಅಡಿವ್ಯಾ ನೋಡು! ಹ್ವಾದ್ರೇನ? ಹ್ವಾದ್ರೇನ?"

ಅವ್ವನ ಕೈಯ ಕಸಬರಿಗೆ ನೆಲಕ್ಕೆ ಬಿತ್ತು. ಅವಳು ನನ್ನನ್ನು ಹೊಡೆದದ್ದು ಕಡಿಮೆ. ಅವತ್ತು ಹೊಡೆದ ಏಟು ಮಾತ್ರ ಇವತ್ತಿಗೂ ಎಡಗೆನ್ನೆಗೆ ಗೊತ್ತಿದೆ. ಅಪ್ಪ ಮೆಲ್ಲನೆ ಕೆಳಗಿಳಿದ. ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

"ಈ ಮಾತ ನಿನಗ ಯಾರ ಕಲಿಸಿದ್ರು?" ಎಂದ.

"ಮಾಬೂಬಿ. ಅಲ್ಲೆ ಹೊಳಿ ಹತ್ರ ಎಲ್ಲಾರೂ ಅಂತಾರ."

ಅಪ್ಪ ತುತ್ತನ್ನು ತಾಟಿನಲ್ಲಿಟ್ಟು ಕೈ ತೊಳೆದ. ಹೊರಗೆ ಮಳೆ, ಹೋಗಲು ಬೇರೆ ಜಾಗವಿಲ್ಲ. ಸೀರೆಯ ಆಚೆ ಹೋಗಿ ಗೋಡೆ ಕಡೆ ಮುಖ ಮಾಡಿ ಕೂತ. ಮರುದಿನ ಕೆಲಸಕ್ಕೆ ಹೋಗಲಿಲ್ಲ. ಅದರ ಮರುದಿನವೂ ಇಲ್ಲ. ಜ್ವರದಲ್ಲೂ ಕರಣೆ ಹಿಡಿದು ಹೋಗುತ್ತಿದ್ದವನು ಮೂಲೆಯಲ್ಲಿ ಕೂತು ಹೆಂಚು ನೋಡುತ್ತಿದ್ದ. ನಾನೇನೋ ಮುರಿದಿದ್ದೆ, ಏನೆಂದು ಯಾರೂ ಹೇಳುತ್ತಿರಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ಅವ್ವ ನನ್ನನ್ನು ಬಾವಿಕಟ್ಟೆಗೆ ಕರೆದುಕೊಂಡು ಹೋಗಿ, ಮೀನು ಸೀಳುತ್ತಿದ್ದ ರೋಜಾ ಬಾಯಿಗೆ ಬೆನ್ನು ಮಾಡಿ ಕೂತು, ಎಲ್ಲ ಹೇಳಿದಳು. ನಾನು ಹುಟ್ಟುವ ಮೊದಲು, ನವಲಗುಂದ ಕಡೆಯ ಅಪ್ಪನ ಊರಲ್ಲಿ ಶಾಲೆಯ ಮಾಸ್ತರರೊಬ್ಬರು ನಾಟಕ ಬರೆದಿದ್ದರು. ಅದರಲ್ಲಿ ಅಡಿವೆಪ್ಪ ಎಂಬ ಒಬ್ಬ ಒಕ್ಕಲಿಗ. ಕಳ್ಳರು ಬಂದಾಗ ಮುದಿ ತಾಯಿಯನ್ನೂ ಹೆಂಡತಿಯನ್ನೂ ಅಂಗಳದಲ್ಲಿ ಬಿಟ್ಟು ಅವನು ಹಗೇವಿನಲ್ಲಿ ಇಳಿದು ಕೂರುತ್ತಾನೆ. ಹಗೇವು ಎಂದರೆ ನಮ್ಮ ಎರೆ ಸೀಮೆಯಲ್ಲಿ ಜೋಳ ತುಂಬಿಡಲು ನೆಲದೊಳಗೆ ತೋಡುವ ಗುಂಡಿ. ಹೆಂಗಸರೇ ಒನಕೆ ಹಿಡಿದು ಕಳ್ಳರನ್ನು ಓಡಿಸಿದ ಮೇಲೆ, ಅಡಿವೆಪ್ಪ ಮೀಸೆಯ ತುಂಬ ಜೋಳದ ಧೂಳು ಮಾಡಿಕೊಂಡು ತಲೆ ಹೊರಹಾಕಿ 'ಹ್ವಾದ್ರೇನ?' ಅನ್ನುತ್ತಾನೆ. ಆ ಪಾರ್ಟು ಮಾಡಿದವನು ಅಪ್ಪ. ಎಷ್ಟು ಚಲೋ ಮಾಡಿದನೆಂದರೆ ಜನ ನಕ್ಕು ನಕ್ಕು ಕಣ್ಣೊರೆಸಿಕೊಂಡರು, ಸುತ್ತಿನ ಊರುಗಳವರೂ ಕರೆಸಿ ಆಡಿಸಿದರು. ನಾಟಕ ಮುಗಿಯಿತು, ಅಪ್ಪ ಬಣ್ಣ ತೊಳೆದ, ಹೆಸರು ಮಾತ್ರ ತೊಳೆದು ಹೋಗಲಿಲ್ಲ. ನಮ್ಮ ಕಡೆ ಅದೊಂದು ರೂಢಿ: ರಾಜನ ಪಾರ್ಟು ಮಾಡಿದವನನ್ನು ಸಾಯುವವರೆಗೂ ರಾಜಾ ಎನ್ನುತ್ತಾರೆ, ಪೊಲೀಸನ ಪಾರ್ಟು ಮಾಡಿದವನ ಮೊಮ್ಮಕ್ಕಳೂ ಪೊಲೀಸರ ಮನೆಯವರೇ. ಅಪ್ಪ ಅಡಿವ್ಯಾ ಆದ. ಆಮೇಲೆ ಊರಲ್ಲಿ ಯಾರು ಹೆದರಿದರೂ ಅವರಿಗೆ ಅದೇ ಹೆಸರು ಬಂತು.

"ನಕ್ಕರ ನಗಲಿ ಬಿಡು ಅಂತ ಮೊದಲ ಸುಮ್ಮನಿದ್ರವ್ವ ನಿಮ್ಮಪ್ಪ," ಅಂದಳು ಅವ್ವ. "ಆಮ್ಯಾಲ ಹೊಲದ ಪಾಲಿನ ಸಲುವಾಗಿ ಪಂಚರು ಕುಂತಿದ್ರು. ಅಣ್ಣಂದು ತಪ್ಪೈತಿ ಅಂತ ಹೇಳಾಕ ಇವರು ಎದ್ದು ನಿಂತ್ರು. ಬಾಯಿ ತಗೀಯೂದ ತಡಾ, ಹಿಂದಿನಿಂದ ಯಾಂವೋ ಹ್ವಾದ್ರೇನ ಅಂದಾ. ಪಂಚರೂ ನಕ್ಕರು. ಇವರು ಹಂಗ ಕುಂತಬಿಟ್ರು. ಎಂಟ ದಿನದಾಗ ಗೋವಾದ ಬಸ್ ಹತ್ತಿದ್ವಿ. ನೀ ಆಗ ಬಗಲಾಗಿನ ಕೂಸು."

ನನಗೆ ಅಳು ಬಂತು. ಅವ್ವ ಸೆರಗಿನಿಂದ ನನ್ನ ಮೂಗು ಒರೆಸಿ, ಹುಡುಗಿಯ ಹಾಗೆ ನಕ್ಕಳು.

"ನಾ ಆ ನಾಟಕಾ ನೋಡೇನಿ. ಚಕ್ಕಡಿ ಕಟಗೊಂಡ ಹೋಗಿದ್ವಿ ನಮ್ಮೂರಿಂದ. ನನಗ ಲಗ್ನದ ಮಾತ ಬಂದಾಗ, ಯಾರು ವರಾ ಅಂದ್ರ ಅಡಿವ್ಯಾನ ಪಾರ್ಟ ಮಾಡಿದಾಂವ ಅಂದ್ರು. ಹಂಗಾದ್ರ ಹೂಂ ಅಂದ್ನಿ. ಅಷ್ಟ ನಗಸಾಂವ ಮನ್ಯಾಗ ಇದ್ರ ಇನ್ನೇನ ಬೇಕು ಅನಿಸಿತ್ತು. ಇದನ್ನ ಅವರ ಮುಂದ ಎಂದೂ ಹೇಳಿಲ್ಲ."

ಅಪ್ಪ ನಗಿಸುವವನೇ? ನಾನು ಕಂಡ ಅಪ್ಪ ಬಾಗಿಲ ಹಿಂದೆ ಉಣ್ಣುವವನು. ಅವ್ವ ಬಯಸಿ ಮದುವೆಯಾದ ಗಂಡಸು ಹಗೇವಿನಲ್ಲೇ ಉಳಿದುಬಿಟ್ಟಿದ್ದ ಎಂಬುದು ನನಗೆ ಆಗ ಅರ್ಥವಾಗಲಿಲ್ಲ, ಅವಳಿಗೆ ಒಂಬತ್ತು ವರ್ಷದಿಂದ ಅರ್ಥವಾಗಿತ್ತು.

ಅವತ್ತು ಸಂಜೆ ಅಪ್ಪ ಟ್ರಂಕು ತೆರೆದು ಬಟ್ಟೆ ತುಂಬತೊಡಗಿದ. ಊರಿನವರು ಕೆಪೆಗೆ ಬಂದಿದ್ದಾರೆ, ಇನ್ನು ಇಲ್ಲಿ ಇರುವಂತಿಲ್ಲ ಎಂದು ಅವನೇ ತೀರ್ಮಾನಿಸಿದ್ದ.

"ಸಾಂಗೇಕ ಹೋಗೂಣು. ಅಲ್ಲೆ ಗಣಿ ಕಡೆ ಕೆಲಸ ಐತಂತ. ಇಲ್ಲಾ ಕಾಣಕೋಣಕ," ಎಂದ.

"ಇಕಿ ಸಾಲಿ?"

"ಅಲ್ಲೂ ಸಾಲಿ ಇರತಾವ."

ಅವ್ವ ಹಿಟ್ಟಿನ ಕೈಯಲ್ಲೇ ಎದ್ದು ಬಂದು ಟ್ರಂಕಿನ ಮುಂದೆ ನಿಂತಳು. ಗಂಡನಿಗೆ ಎದುರು ಮಾತಾಡುವವಳಲ್ಲ ಅವಳು. ಒಲೆಗೆ ಬೈದೇ ಹೇಳಬೇಕಾದ್ದನ್ನು ಹೇಳಿ ಮುಗಿಸುತ್ತಿದ್ದಳು. ಅವತ್ತು ನೇರ ಮುಖ ನೋಡಿ ಹೇಳಿದಳು.

"ಸಾಂಗೇದಾಗ ಮಂದಿ ಇರೂದಿಲ್ಲೇನ್ರಿ? ಕಾಣಕೋಣದಾಗ ಇರೂದಿಲ್ಲೇನು? ನೀವು ಊರ ಬದಲ ಮಾಡಾಕತ್ತಿಲ್ಲ, ಮತ್ತೊಂದ ಹಗೇವು ಹುಡುಕಾಕತ್ತೀರಿ."

ಅಪ್ಪನ ಕೈ ನಿಂತಿತು. ಮಳೆ ಹೆಂಚಿನ ಮೇಲೆ ಬೀಳುತ್ತಿತ್ತು. ಅವ್ವ ಅಷ್ಟಕ್ಕೇ ನಿಲ್ಲಿಸಲಿಲ್ಲ.

"ನಾ ದಿನಾ ಹತ್ತ ಸಲಾ ಬೊಸ್ತ್ಯಾಂವ ಅಂತೀನಿ. ಅಂವ ಯಾರು, ಎಲ್ಲ್ಯಾಂವ, ನನಗೇನರ ಗೊತ್ತೈತೇನು? ಆ ಹುಡುಗಿಗೆ ಅಡಿವ್ಯಾ ಯಾರಂತ ಗೊತ್ತಿತ್ತೇನು? ಮೊದಲ ಹೋಗಿ ಕೇಳ್ರಿ, ಯಾರ ಬಂದಾರು ಏನು ಅಂತ. ಆಮ್ಯಾಲ ಗಂಟ ಕಟ್ಟೂಣು. ನಾ ಬ್ಯಾಡ ಅನ್ನೂದಿಲ್ಲ."

ಅಪ್ಪ ಮುಂದೆ ಬಟ್ಟೆ ತುಂಬಲಿಲ್ಲ. ಟ್ರಂಕನ್ನು ಮುಚ್ಚಲೂ ಇಲ್ಲ. ಅದು ಹಾಗೆಯೇ ಬಾಯಿ ತೆರೆದುಕೊಂಡು ಬೆಳಗಿನವರೆಗೆ ಬಿದ್ದಿತ್ತು. ಬೆಳಿಗ್ಗೆ ಪಾವಿನವನ ಹಾರ್ನ್ ಕೇಳಿ ನಾನು ಎದ್ದಾಗ ಅಪ್ಪ ಅಂಗಿ ತೊಟ್ಟು, ತಲೆ ಬಾಚಿ, ಬಾಗಿಲಲ್ಲಿ ನಿಂತಿದ್ದ. "ಬಾ, ಆ ಹುಡುಗೀನ ತೋರ್ಸು," ಎಂದ. ಶಾಲೆಗೆ ರಜೆಯಿತ್ತು, ಇರದಿದ್ದರೂ ನಾನು ಹೋಗುತ್ತಿದ್ದೆ. ದಾರಿಯುದ್ದಕ್ಕೂ ಅಪ್ಪ ನನ್ನ ಕೈ ಹಿಡಿದಿದ್ದ. ಚಹದ ಅಂಗಡಿ ಬಂದಾಗ ರಸ್ತೆ ದಾಟಲು ಒಂದು ಹೆಜ್ಜೆ ಇಟ್ಟ, ಮತ್ತೆ ಈಚೆಗೇ ಬಂದ.

ನದಿಯ ಹತ್ತಿರದ ಆ ಕೆಲಸದ ಜಾಗದಲ್ಲಿ ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಹುಸೇನಸಾಬರ ಲಾರಿ ಏರಿನ ನಡುವೆ ನಿಂತುಬಿಟ್ಟಿತ್ತು. ಅವರು ಬಾನೆಟ್ಟಿನೊಳಗೆ ಅರ್ಧ ಇಳಿದು ಅದರ ಜೊತೆ ಜಗಳಾಡುತ್ತಿದ್ದರು. ಮಾಬೂಬಿ ಗಾಲಿಗೆ ಕಲ್ಲು ಕೊಟ್ಟು ಕೂತಿದ್ದಳು. ಐದಾರು ಜನ ಆಳುಗಳು ಪಾಯದ ಅಂಚಿನಲ್ಲಿ ಬೀಡಿ ಸೇದುತ್ತಿದ್ದರು. ನಾವು ಹತ್ತಿರ ಹೋಗುವಷ್ಟರಲ್ಲಿ ಹುಸೇನಸಾಬರು ತಲೆಯೆತ್ತಿ, ಲಾರಿಯ ಮೂತಿಗೆ ಒಂದು ಏಟು ಕೊಟ್ಟು ಅಂದರು:

"ಎಂಥಾ ಅಡಿವ್ಯಾ ಗಾಡಿಪಾ ಇದು!"

ಅಪ್ಪನ ಕೈ ನನ್ನ ಕೈಯನ್ನು ಗಟ್ಟಿಯಾಗಿ ಅಮುಕಿತು. ಅಪ್ಪ ಅಲ್ಲಿಂದಲೇ ತಿರುಗಿಬಿಡುತ್ತಾನೆ ಎಂದುಕೊಂಡೆ. ತಿರುಗಲಿಲ್ಲ. ಕೊಂಕಣಿಯಲ್ಲಲ್ಲ, ಕನ್ನಡದಲ್ಲೇ ಕೇಳಿದ.

"ಗಾಡಿಗೆ ಏನೋ ಅಂದ್ರೆಲ್ರಿ, ಏನದು?"

"ಅಡಿವ್ಯಾ ಅಂದ್ನಿ. ಮತ್ತೇನ್ರಿ? ಏರ ಬಂತಂದ್ರ ಉಸರ ಹಿಡಕೊಂಡ ಕುಂದರತೈತಿ. ಇಳುಕಲ ಬಂದ ಮ್ಯಾಲ, ಹ್ವಾದ್ರೇನ ಅಂತ ಚಾಲೂ ಆಗತೈತಿ."

ಆಳುಗಳು ನಕ್ಕರು. ಅಪ್ಪ ಅವರ ಮುಖಗಳನ್ನು ಒಂದೊಂದಾಗಿ ನೋಡಿದ. ಒಂದೂ ಗುರುತಿನದಲ್ಲ. ಅವರೂ ಅಪ್ಪನನ್ನು ನೋಡಿ ನಕ್ಕಿರಲಿಲ್ಲ, ಲಾರಿ ನೋಡಿ ನಕ್ಕಿದ್ದರು.

"ಅಡಿವ್ಯಾ ಅಂದ್ರ ಯಾರ್ರಿ?"

"ಯಾರೂ ಅಲ್ರಿ. ಅದೊಂದ ಮಾತು. ಅಂಜುಬುರುಕಗ ಅಂತಾರ."

"ಮನಶ್ಯಾನ ಹೆಸರ ಇದ್ದಂಗ ಐತಲ್ರಿ."

"ಹೆಸರೆಲ್ಲೀದ್ರಿ! ನಮ್ಮ ಮುತ್ತ್ಯಾ ಅಂತಿದ್ದಾ. ಅವರ ಮುತ್ತ್ಯಾನೂ ಅಂದಿರಬೇಕು. ಭಾಳ ಹಳೇ ಮಾತ್ರಿ ಅದು."

ಹನ್ನೆರಡು ವರ್ಷದ ಹಿಂದಿನ ನಾಟಕ ಅದು. ಯಾವ ಸಂತೆಯಲ್ಲಿ ದಾಟಿತೋ, ಯಾವ ಮದುವಣಗಿತ್ತಿಯ ಗಂಟಿನ ಜೊತೆ ಹೋಯಿತೋ, ಇಂಡಿ ಮುಟ್ಟುವಷ್ಟರಲ್ಲಿ ಅಜ್ಜನ ಅಜ್ಜನಷ್ಟು ಮುದಿಯಾಗಿತ್ತು. ಅಪ್ಪ ಅಲ್ಲಿಗೇ ಸುಮ್ಮನಾಗಬಹುದಿತ್ತು. ಅವನ ಗುಟ್ಟಿಗೆ ಇನ್ನು ಯಾವ ಭಯವೂ ಇರಲಿಲ್ಲ. ಆದರೆ ಅವನು ನನ್ನ ಕೈ ಬಿಟ್ಟು ಒಂದು ಹೆಜ್ಜೆ ಮುಂದೆ ಹೋದ.

"ಅಲ್ರಿ. ಅದು ನಮ್ಮೂರ ನಾಟಕದಾಗಿನ ಹೆಸರು. ಆ ಪಾರ್ಟ ಮಾಡಿದಾಂವ ನಾನ."

ಹುಸೇನಸಾಬರು ಕೈ ಒರೆಸಿಕೊಳ್ಳುತ್ತ ಅಪ್ಪನನ್ನು ಮೇಲಿಂದ ಕೆಳಗೆ, ಸಿಮೆಂಟು ಕಚ್ಚಿದ ಬೆರಳವರೆಗೆ ನೋಡಿದರು. ಆಮೇಲೆ, ಸಣ್ಣ ಹುಡುಗನಿಗೆ ತಿಳಿ ಹೇಳುವ ಹಾಗೆ ಹೇಳಿದರು.

"ನಿಮಗ ಯಾರೋ ಸುಳ್ಳ ಹೇಳ್ಯಾರ್ರಿ ಗೌಂಡಿ. ಅಡಿವ್ಯಾ ಆದಾಂವ ಇಷ್ಟ ಮಂದ್ಯಾಗ ಬಂದು, ನಾನ ಅಡಿವ್ಯಾ ಅಂತ ಹೇಳತಾನೇನು?"

ಅಪ್ಪ ನಕ್ಕ. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಿಂದ. ನಕ್ಕವನು ಅಲ್ಲೇ ತೋಡಿದ್ದ ಪಾಯಕ್ಕೆ ಇಳಿದು ಮಾಯವಾದ. ಆಳುಗಳು ಬೀಡಿ ಬಿಟ್ಟು ಎದ್ದು ನಿಂತರು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಪಾಯದ ಅಂಚಿಗೆ ಎರಡು ಕೈ ಬಂದವು, ಒಂದು ತಲೆ ಬಂತು, ಮೀಸೆಯ ತುಂಬ ಕೆಂಪು ಮಣ್ಣು. ಕಣ್ಣು ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು, ನಿಂತ ಲಾರಿಯ ಮೇಲೆ ನಿಂತಿತು. ನನ್ನ ಅಪ್ಪ ಅಲ್ಲಿರಲಿಲ್ಲ. ನಾನು ಎಂದೂ ನೋಡದ ಒಬ್ಬ ಮನುಷ್ಯ ತಾಯಿಯನ್ನೂ ಹೆಂಡತಿಯನ್ನೂ ಬಿಟ್ಟು ಬಂದ ನಾಚಿಕೆಯನ್ನೆಲ್ಲ ನುಂಗಿಕೊಂಡು, ಸಣ್ಣ ದನಿಯಲ್ಲಿ ಕೇಳಿದ.

"ಹ್ವಾದ್ರೇನ?"

ಹುಸೇನಸಾಬರು ನಕ್ಕು ಬಾನೆಟ್ಟಿನ ಮೇಲೆ ಬಿದ್ದರು. ಬುಟ್ಟಿ ಹೊರುವ ಹೆಂಗಸರು ಓಡಿ ಬಂದರು, ಇನ್ನೊಮ್ಮೆ ಮಾಡಿಸಿದರು. ಮಾಬೂಬಿ ನನ್ನನ್ನು ತಿವಿದು "ನಿಮ್ಮಪ್ಪನ?" ಎಂದಳು. ಹೌದು ಎನ್ನುವಾಗ ನನ್ನ ಎದೆ ಅಂಗಿಯಲ್ಲಿ ಹಿಡಿಸುತ್ತಿರಲಿಲ್ಲ. ನಗು ಮುಗಿದ ಮೇಲೆ ಎಲ್ಲರೂ ಸೇರಿ ಲಾರಿ ನೂಕಿದರು, ಅಪ್ಪನೂ ಹೆಗಲು ಕೊಟ್ಟ. ಹೊರಡುವಾಗ ಅವರು ಅವನನ್ನು ಅಡಿವ್ಯಾ ಎನ್ನಲಿಲ್ಲ; ಅದು ಅವರಿಗೆ ಲಾರಿಯ ಹೆಸರಾಗಿತ್ತು. "ನಾಳೆ ಬರ್ರಿ ಗೌಂಡಿ," ಎಂದರು. ಆ ವರ್ಷ ದೀಪಾವಳಿಗೆ ಗುತ್ತಿಗೆದಾರ ಮೂರನೆಯ ಸಲ ಕೇಳಿದಾಗ ಅಪ್ಪ ಮೇಸ್ತ್ರಿಯಾದ. ಮುಂದೆ ನಮ್ಮ ಊರಿನವರೂ ಕೆಪೆಗೆ ಬಂದರು. ಒಬ್ಬ ಚಹದ ಅಂಗಡಿಯಲ್ಲಿ ಹಳೆಯ ಹೆಸರು ತೆಗೆದ. ಅಪ್ಪ ಅವನಿಗಿಂತ ಮೊದಲೇ ಹ್ವಾದ್ರೇನ ಎಂದು ಕೇಳಿ ಅವನಿಗೆ ಚಹ ಹೇಳಿದನಂತೆ.

ಅದೆಲ್ಲ ಆಮೇಲಿನ ಮಾತು. ಆ ದಿನ ನಾವು ಮನೆಗೆ ಬಂದಾಗ ಟ್ರಂಕು ಇನ್ನೂ ತೆರೆದೇ ಇತ್ತು. ಅವ್ವ ಕೆಲಸಕ್ಕೂ ಹೋಗದೆ, ಬಟ್ಟೆಗಳನ್ನು ಒಳಗೆ ಇಡುವುದೋ ಹೊರಗೆ ತೆಗೆಯುವುದೋ ತಿಳಿಯದೆ, ಸುಮ್ಮನೆ ರೊಟ್ಟಿ ಬಡಿಯುತ್ತ ಕೂತಿದ್ದಳು. ಅಪ್ಪ ನನಗೆ ಸುಮ್ಮನಿರು ಎಂದು ಬೆರಳು ತೋರಿಸಿ, ಸದ್ದಿಲ್ಲದೆ ಒಳಗೆ ಹೋಗಿ ಆ ಇಲಕಲ್ಲ ಸೀರೆಯ ಹಿಂದೆ ನಿಂತ. ಆಮೇಲೆ ಸೀರೆ ಸರಿಸಿ, ಕೆಂಪು ಮಣ್ಣಿನ ಮೀಸೆಯನ್ನಷ್ಟೇ ಹೊರಹಾಕಿದ.

"ಹ್ವಾದ್ರೇನ?"

ಅವ್ವನ ಕೈ ಹಿಟ್ಟಿನ ಮೇಲೆ ನಿಂತಿತು. ಚಕ್ಕಡಿಯಲ್ಲಿ ಬಂದು ನಾಟಕ ನೋಡಿದ ಹುಡುಗಿ ಹನ್ನೆರಡು ವರ್ಷ ಆದ ಮೇಲೆ ಮತ್ತೆ ನಕ್ಕಳು. ನಗುತ್ತ ನಗುತ್ತ ಕಣ್ಣಿಗೆ ಸೆರಗು ಹಚ್ಚಿದಳು, ಮುಖವೆಲ್ಲ ಹಿಟ್ಟಾಯಿತು.

"ಹ್ವಾದ್ರು," ಅಂದಳು. "ಎಲ್ಲಾರೂ ಹ್ವಾದ್ರು. ಹೊರಗ ಬರ್ರಿ ಇನ್ನ, ರೊಟ್ಟಿ ಆರಾಕತ್ತಾವ."